ಬೆಟ್ಟದ ದಾರಿಗೆ ಸೈಕಲ್ ಟ್ರ್ಯಾಕ್ ಬೇಡ. ಫಲಕ, ಬಣ್ಣ, ಅಂಚಿಗೆ ಮಣ್ಣು ಸಾಕು

ಮಾನ್ಯ ಸಂಪಾದಕರೇ,

ತುಮಕೂರು ಜಿಲ್ಲೆಯ ಪ್ರವಾಸೋದ್ಯಮದ ಮಾತೆತ್ತಿದರೆ ಸಾಕು, ರೋಪ್‌ವೇ, ರೆಸಾರ್ಟ್ ಎಂದು ದೊಡ್ಡ ದುಡ್ಡಿನ ಪಟ್ಟಿಯೇ ಮುಂದೆ ಬರುತ್ತದೆ. ಅದು ಯಾವಾಗ ಆಗುತ್ತದೋ ಆಗಲಿ. ಈಗಾಗಲೇ ವಾರಾಂತ್ಯಗಳಲ್ಲಿ ನಮ್ಮೂರಿನವರೂ ಬೆಂಗಳೂರಿನವರೂ ಸೈಕಲ್ಲಿಗೆ ಬ್ಯಾಗು ಕಟ್ಟಿಕೊಂಡು ದೇವರಾಯನದುರ್ಗ, ಕೊರಟಗೆರೆ, ಸಿದ್ಧರಬೆಟ್ಟ, ಮಧುಗಿರಿಯ ಕಡೆಗೆ ಹೊರಡುತ್ತಿದ್ದಾರೆ. ಇವರಿಗಾಗಿ ಕಾಂಕ್ರೀಟ್ ಸುರಿದು ಪ್ರತ್ಯೇಕ ಟ್ರ್ಯಾಕ್ ಮಾಡುವ ಅಗತ್ಯವಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ಡಾಂಬರು ರಸ್ತೆಗಳೇ ಸೊಗಸಾದ ಸೈಕಲ್ ದಾರಿಗಳು. ಅವುಗಳಲ್ಲಿ ಸರಿಪಡಿಸಬೇಕಾದ್ದು ಸ್ವಲ್ಪ, ಬರುವವರು ತಿಳಿದುಕೊಂಡು ಬರಬೇಕಾದ್ದು ಅದಕ್ಕಿಂತ ಹೆಚ್ಚು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನೆಲದ ಲೆಕ್ಕ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ದೇವರಾಯನದುರ್ಗದ ನೆತ್ತಿ 1,200 ಮೀಟರಿನ ಆಸುಪಾಸು. ನಡುವಿನ ದೂರ 15 ಕಿಲೋಮೀಟರ್ ಇದ್ದರೂ ಏರು ಸಮನಾಗಿ ಹಂಚಿಕೊಂಡಿಲ್ಲ. ನಾಮದ ಚಿಲುಮೆಯ ಕಡೆಯವರೆಗೆ ಸಣ್ಣ ಏರಿಳಿತ, ಆಮೇಲೆ ತಿರುವುಗಳಲ್ಲಿ ಒಮ್ಮೆಲೇ ಕಡಿದು. ಭೋಗನರಸಿಂಹನ ಗುಡಿ ದಾಟಿ ಯೋಗನರಸಿಂಹನ ಕಡೆಗೆ ಹೊರಟರೆ ಇನ್ನೂ ಕಡಿದು. ಜಯಮಂಗಲಿ, ಶಿಂಷಾ ಎರಡೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಶಿಂಷಾ ತೆಂಕಲಿಗೆ ಹರಿದು ಕಾವೇರಿಗೆ ಸೇರುತ್ತದೆ, ಜಯಮಂಗಲಿ ಬಡಗಲಿಗೆ ಹರಿದು ಉತ್ತರ ಪಿನಾಕಿನಿಗೆ. ಸವಾರನಿಗೆ ಇದರಿಂದ ಒಂದು ಅನುಕೂಲವಿದೆ. ದುರ್ಗ ಹತ್ತಿ ಗೊರವನಹಳ್ಳಿ, ತೀತಾ ಜಲಾಶಯ, ಕೊರಟಗೆರೆಯ ಕಡೆಗೆ ಹೊರಟರೆ ಒಟ್ಟಾರೆ ನೀರು ಹರಿದ ದಿಕ್ಕಿಗೇ ಹೋಗುತ್ತೀರಿ, ಹತ್ತುವ ಕೆಲಸ ಬೆಳಗಿನ ತಂಪಿನಲ್ಲೇ ಮುಗಿದಿರುತ್ತದೆ. ಮಧುಗಿರಿಯಿಂದ ಶುರು ಮಾಡಿದರೆ ಮಧ್ಯಾಹ್ನದ ಬಿಸಿಲಿನಲ್ಲಿ ದುರ್ಗದ ಬುಡಕ್ಕೆ ಬಂದು ನಿಲ್ಲುತ್ತೀರಿ. ಹಾಗಾಗಿ ತುಮಕೂರು, ದುರ್ಗ, ಕೊರಟಗೆರೆ, ಮಧುಗಿರಿ ಎಂಬ ಕ್ರಮವೇ ಸರಿ. ಮಾರನೇ ದಿನ ಮಿಡಿಗೇಶಿ ಕೋಟೆಯ ಪಕ್ಕದಿಂದ ಪಾವಗಡದ ಕಡೆಗೋ, ಕೊಡಿಗೇನಹಳ್ಳಿಯ ಮೇಲೆ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೋ ಹೋಗಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಪಾವಗಡದ ಬಯಲಿನಲ್ಲಿ ಅದಕ್ಕೆ ಎದುರಾಗಿ ತುಳಿಯುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟ. ಆ ತಿಂಗಳುಗಳಲ್ಲಿ ಪೂರ್ವಕ್ಕೆ ಸಾಗುವ ದಾರಿ ಆರಿಸಿಕೊಳ್ಳಿ.

ಗೇರಿನ ವಿಷಯದಲ್ಲಿ ಅಂಗಡಿಯವರ ಮಾತು ನಂಬಿ ಬರುವವರೇ ಹೆಚ್ಚು. ಸವಾರ, ಸೈಕಲ್, ಸಾಮಾನು ಸೇರಿ 90 ಕೆ.ಜಿ. ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ಜಾಗದಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋಗಲು ಭಾರ ಎತ್ತುವುದಕ್ಕೇ ಸುಮಾರು 155 ವ್ಯಾಟ್ ಬೇಕು. ಡೇರೆ, ಹೊದಿಕೆ ಅಂತ ಇನ್ನೂ 15 ಕೆ.ಜಿ. ಸೇರಿಸಿದರೆ ಅದು 180 ದಾಟುತ್ತದೆ. ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಎರಡು ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂಮುಕ್ಕಾಲು ಕಿ.ಮೀ. ಮುಂದೆ 42, ಹಿಂದೆ 28 ಹಲ್ಲಿನ ಸೈಕಲ್ಲಿನಲ್ಲಿ ಅದೇ ವೇಗಕ್ಕೆ ಪೆಡಲು ನಿಮಿಷಕ್ಕೆ 40 ಸುತ್ತಷ್ಟೇ ತಿರುಗುತ್ತದೆ. ಪ್ರತಿ ತುಳಿತಕ್ಕೂ ಒಂದೂವರೆ ಪಟ್ಟು ಬಲ ಬೇಕು, ಮೊಣಕಾಲು ಹಿಡಿದುಕೊಳ್ಳುವುದು ಇಲ್ಲೇ. ಸಾಮಾನು ಹೊತ್ತು ಬರುವವರು ಹಿಂದಿನ ಅತಿ ದೊಡ್ಡ ಹಲ್ಲುಚಕ್ರ ಮುಂದಿನ ಅತಿ ಸಣ್ಣ ಹಲ್ಲುಚಕ್ರಕ್ಕಿಂತ ದೊಡ್ಡದಿರುವಂತೆ ನೋಡಿಕೊಳ್ಳಲಿ. ತಳ್ಳಿಕೊಂಡು ಹತ್ತುವುದರಲ್ಲಿ ನಾಚಿಕೆಯೇನಿಲ್ಲ.

ಇನ್ನು ಮುಳ್ಳು. ನಮ್ಮ ಕುರುಚಲು ಕಾಡಿನ ದಾರಿಯಲ್ಲಿ ಸವಾರಿ ಕೆಡಿಸುವುದು ಕರಡಿಯಲ್ಲ, ನೆಗ್ಗಿಲು. ರಸ್ತೆಯ ಅಂಚಿನ ಮಣ್ಣಿನಲ್ಲಿ ನೆಲಕ್ಕೆ ಅಂಟಿ ಹಬ್ಬುತ್ತದೆ, ಐದೆಸಳಿನ ಪುಟ್ಟ ಹಳದಿ ಹೂವು. ಕಾಯಿ ಒಣಗಿದಾಗ ಐದು ಹೋಳಾಗಿ ಒಡೆಯುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳಾದರೂ ಮೇಲ್ಮುಖವಾಗಿಯೇ ಇರುತ್ತದೆ. ಹಿಂದಿನಿಂದ ಬಸ್ಸು ಹಾರನ್ ಹೊಡೆದಾಗ ಡಾಂಬರು ಬಿಟ್ಟು ಪಕ್ಕಕ್ಕೆ ಇಳಿದಿರೋ, ಒಂದೇ ಸಲಕ್ಕೆ ನಾಲ್ಕೈದು ತೂತು. ಎರಡನೆಯದು ಸೀಮೆಜಾಲಿ. ಬೇಲಿಗೆಂದು ಕಡಿದ ಕೊಂಬೆ ಟ್ರ್ಯಾಕ್ಟರಿನಿಂದ ಉದುರಿ ರಸ್ತೆಯಲ್ಲೇ ಬಿದ್ದಿರುತ್ತದೆ. ಅದರ ಮುಳ್ಳಿನ ತುದಿ ಟೈರಿನೊಳಗೆ ಮುರಿದು ಉಳಿದುಕೊಳ್ಳುತ್ತದೆ, ಹೊರಗಿನಿಂದ ಕಾಣಿಸುವುದೂ ಇಲ್ಲ. ಟ್ಯೂಬ್ ಬದಲಿಸಿ ಹೊರಟವರು ಅರ್ಧ ಗಂಟೆಗೆ ಮತ್ತೆ ಕೂರುವುದು ಇದರಿಂದಲೇ. ಟ್ಯೂಬ್ ಹೊರತೆಗೆದ ಮೇಲೆ ಹತ್ತಿಯ ಬಟ್ಟೆಯನ್ನು ಟೈರಿನ ಒಳಮೈಗೆ ಒತ್ತಿ ಒಂದು ಸುತ್ತು ಎಳೆಯಿರಿ. ದಾರ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಬೆರಳಲ್ಲಿ ಕೀಳಲು ಬರುವುದಿಲ್ಲ, ಸಣ್ಣ ಚಿಮಟ ಇರಲಿ. ಪ್ಯಾಚ್ ಹಚ್ಚುವಾಗ ಸಲ್ಯೂಷನ್ ಸವರಿ ಮೂರ್ನಾಲ್ಕು ನಿಮಿಷ ಒಣಗಲು ಬಿಡಿ. ಹಸಿಯಾಗಿರುವಾಗಲೇ ಅಂಟಿಸಿದ ಪ್ಯಾಚ್ ಬಿಸಿಲಿಗೆ ಜಾರಿಬಿಡುತ್ತದೆ.

ಟೈರು 35ರಿಂದ 40 ಮಿ.ಮೀ. ಅಗಲದ್ದಿರಲಿ. 70 ಕೆ.ಜಿ. ತೂಕದವರಿಗೆ 45ರಿಂದ 55 ಪಿಎಸ್‌ಐ ಗಾಳಿ ಸಾಕು. ಟ್ಯೂಬ್‌ಲೆಸ್ ಇದ್ದರೆ ತೂತು ಮುಚ್ಚಲು ಒಳಗೆ ಹಾಕುವ ದ್ರವ ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ. ಮತ್ತೊಂದು ತೊಂದರೆ ವಾಲ್ವಿನದು. ವಿದೇಶಿ ಮಾದರಿಯ ಸಣ್ಣ ಪ್ರೆಸ್ಟಾ ವಾಲ್ವಿಗೆ ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪ್ ಕೂರುವುದಿಲ್ಲ. ಬೈಕಿಗೆ ಗಾಳಿ ತುಂಬುವ ಕಂಪ್ರೆಸರ್ ಬಹುತೇಕ ಊರುಗಳಲ್ಲಿದೆ, ಆದರೆ ಅದಕ್ಕೆ ಹಿತ್ತಾಳೆಯ ಅಡಾಪ್ಟರ್ ಬೇಕು. ಕಡಲೆಕಾಳಿನಷ್ಟಿರುವ ಅದನ್ನು ಮನೆಯಲ್ಲಿ ಬಿಟ್ಟು ಬಂದರೆ ಅಂಗಡಿಯವರಿಗೂ ಸಹಾಯ ಮಾಡಲು ಆಗುವುದಿಲ್ಲ.

ನವೆಂಬರ್‌ನಿಂದ ಜನವರಿವರೆಗೆ ಹವೆ ಹಿತ, ಆದರೆ ಅದೇ ರಾಗಿ, ಹುರುಳಿಯ ಸುಗ್ಗಿ. ರಸ್ತೆಯ ಮೇಲೆ ತೆನೆ ಹರಡಿ ವಾಹನಗಳಿಂದ ತುಳಿಸುವುದು ಇಲ್ಲಿ ಮಾಮೂಲು. ಕಾರಿನವರಿಗೆ ಅದು ಕಿರಿಕಿರಿ ಅಷ್ಟೇ, ಸೈಕಲ್ಲಿಗೆ ನಿಜವಾದ ಅಪಾಯ. ಹುಲ್ಲು ಗೇರು ಬದಲಿಸುವ ಹಿಂದಿನ ಡಿರೇಲರ್‌ನ ಪುಟ್ಟ ಚಕ್ರಗಳಿಗೆ ಸುತ್ತಿಕೊಳ್ಳುತ್ತದೆ, ತುಳಿಯುತ್ತಲೇ ಇದ್ದರೆ ಡಿರೇಲರ್ ಹಿಂದಕ್ಕೆ ಎಳೆದು ಕಡ್ಡಿಗಳ ನಡುವೆ ಸಿಕ್ಕಿ ಅದನ್ನು ಸೈಕಲ್ಲಿಗೆ ಹಿಡಿಸುವ ಲೋಹದ ತುಂಡು, ಅಂದರೆ ಹ್ಯಾಂಗರ್, ಮುರಿಯುತ್ತದೆ. ಹ್ಯಾಂಗರ್ ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರ, ಕೊರಟಗೆರೆಯಲ್ಲಾಗಲಿ ಮಧುಗಿರಿಯಲ್ಲಾಗಲಿ ಸಿಗುತ್ತದೆಂದು ನಂಬಿಕೊಳ್ಳಬೇಡಿ. ಒಂದು ಹೆಚ್ಚುವರಿ ಇಟ್ಟುಕೊಳ್ಳಿ, ಚೈನ್ ಕಟರ್ ಮತ್ತು ಚೈನ್ ಮತ್ತೆ ಜೋಡಿಸುವ ಕ್ವಿಕ್ ಲಿಂಕ್ ಕೊಂಡಿ ಕೂಡ. ಹ್ಯಾಂಗರ್ ಇಲ್ಲದಿದ್ದರೆ ಡಿರೇಲರ್ ಬಿಚ್ಚಿ, ಚೈನ್ ಗಿಡ್ಡ ಮಾಡಿ, ನೇರ ಸಾಲಿಗೆ ಬರುವ ಒಂದೇ ಹಲ್ಲುಚಕ್ರಕ್ಕೆ ಹಾಕಿಕೊಂಡು ಊರು ಸೇರಬಹುದು. ಒಕ್ಕಣೆ ಕಂಡ ಕೂಡಲೇ ಇಳಿದು ತಳ್ಳಿಕೊಂಡು ದಾಟುವುದೇ ಎಲ್ಲಕ್ಕಿಂತ ಅಗ್ಗದ ಉಪಾಯ. ರೈತರನ್ನು ಬೈದು ಪ್ರಯೋಜನವಿಲ್ಲ, ಕಣ ಇಲ್ಲದವರು ಇನ್ನೆಲ್ಲಿ ಒಕ್ಕಬೇಕು? ಈ ದಾರಿಯ ಪಂಚಾಯಿತಿಗಳು ಊರಿಗೊಂದು ಸಾಮೂಹಿಕ ಕಣ ಮಾಡಿಕೊಟ್ಟರೆ ಇಬ್ಬರಿಗೂ ಒಳ್ಳೆಯದು.

ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿಯುವವರ ರಿಮ್ ಕಾಯ್ದು ಟ್ಯೂಬ್ ಸಿಡಿಯುವುದುಂಟು. ತಿರುವಿಗೆ ಮೊದಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಮಳೆಯಾದ ಮಾರನೇ ದಿನ ದುರ್ಗದ ತಿರುವುಗಳ ಒಳಮಗ್ಗುಲಲ್ಲಿ ಬೆಟ್ಟದಿಂದ ಕೊಚ್ಚಿ ಬಂದ ಮರಳು ನಿಂತಿರುತ್ತದೆ, ಅಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಚಕ್ರ ಜಾರುತ್ತದೆ. ಹಂಪ್‌ಗಳ ಕುಲುಕಾಟಕ್ಕೆ ಕ್ಯಾರಿಯರ್ ಬೋಲ್ಟುಗಳು ಸಡಿಲವಾಗುತ್ತವೆ. ಅವು ಸಾಮಾನ್ಯವಾಗಿ ಎಂ5 ಗಾತ್ರದವು, 4 ಮಿ.ಮೀ. ಅಲೆನ್ ಕೀ ಸಾಕು. ನಿಂತಲ್ಲೆಲ್ಲ ಒಮ್ಮೆ ಬಿಗಿ ನೋಡಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಬೇಕು. ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, ಶುದ್ಧ ನೀರಿನ ಘಟಕದಲ್ಲೇ ತುಂಬಿಸಿಕೊಳ್ಳಿ. ನಾಣ್ಯ ಹಾಕಿದರೆ ಕ್ಯಾನಿನ ಲೆಕ್ಕದಲ್ಲಿ ನೀರು ಬರುವುದರಿಂದ ಯಾರಾದರೂ ಹಿಡಿಯುತ್ತಿರುವಾಗ ಬಾಟಲಿ ಒಡ್ಡಿದರೆ ಬೇಡ ಎನ್ನುವವರಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಹೊರಟರೂ ಗಂಟೆಗೊಂದು ಬಾಳೆಹಣ್ಣು, ಒಂದಿಷ್ಟು ಕಡಲೆಕಾಯಿ ಚಿಕ್ಕಿ ಒಳಗೆ ಹೋಗಬೇಕು. ದುರ್ಗದಲ್ಲಿ ಮಾತ್ರ ಹಣ್ಣನ್ನು ಹ್ಯಾಂಡಲ್ ಬ್ಯಾಗಿನಲ್ಲಿ ಇಡಬೇಡಿ, ಕೋತಿಗಳಿಗೆ ಜಿಪ್ ತೆಗೆಯಲು ಬರುತ್ತದೆ.

ಕಾಡಿನಲ್ಲಿ ಸೂರ್ಯ ಹುಟ್ಟುವ ಮುನ್ನ, ಮುಳುಗಿದ ಮೇಲೆ ಸೈಕಲ್ ಬೇಡ. ಕರಡಿ, ಚಿರತೆ ಓಡಾಡುವ ಹೊತ್ತು ಅದು, ಸೈಕಲ್ ಸದ್ದಿಲ್ಲದೆ ಬರುವುದರಿಂದ ಅವಕ್ಕೆ ಸರಿಯಲು ಸಮಯ ಸಿಗುವುದಿಲ್ಲ. ತಿರುವುಗಳಲ್ಲಿ ಬೆಲ್ ಬಾರಿಸಿ. ರಸ್ತೆ ಬಿಟ್ಟು ಮೀಸಲು ಅರಣ್ಯದ ಕಾಲುದಾರಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮೈದನಹಳ್ಳಿಯ ಹುಲ್ಲುಗಾವಲು 798 ಎಕರೆಯಷ್ಟೇ. ಹುಲ್ಲಿನ ಮೇಲೆ ಸೈಕಲ್ ಓಡಿಸಿದರೆ ಅಲ್ಲಿ ಅಡಗಿ ಮಲಗಿದ ಮರಿಗಳು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಚಕ್ರಕ್ಕೆ ಸಿಗುತ್ತವೆ. ಬೇಸಿಗೆಯಲ್ಲಿ ಬಾದೆ ಹುಲ್ಲು ಒಂದು ಕಿಡಿಗೆ ಕಾದಿರುತ್ತದೆ, ಚಹಾ ಕಾಯಿಸುವ ಸ್ಟೌ ಊರಿನಲ್ಲೇ ಇರಲಿ.

ಜಿಲ್ಲಾಡಳಿತಕ್ಕೆ ನಮ್ಮ ಬೇಡಿಕೆಗಳಲ್ಲಿ ಮೊದಲನೆಯದು ರಸ್ತೆಯ ಅಂಚು. ಹಳೆ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುತ್ತಾ ಹೋದಂತೆ ರಸ್ತೆ ಮೇಲೇರಿ, ಪಕ್ಕದ ಮಣ್ಣು ಗೇಣುದ್ದ ಕೆಳಗೆ ಉಳಿದಿದೆ. ಅಂಚಿನಿಂದ ಜಾರಿದ ಸವಾರ ಸೈಕಲ್ ನಿಲ್ಲಿಸದೆ ಓರೆಯಾಗಿ ಮತ್ತೆ ಹತ್ತಲು ಹೋದರೆ ಮುಂದಿನ ಚಕ್ರ ಅಂಚಿಗೆ ಉಜ್ಜಿಕೊಂಡು, ಆತ ಬೀಳುವುದು ರಸ್ತೆಯ ಒಳಕ್ಕೆ, ಹಿಂದಿನ ವಾಹನದ ಮುಂದಕ್ಕೆ. ಎರಡೂ ಬದಿಗೆ ಮೊರಂ ಮಣ್ಣು ತುಂಬಿ ರೋಲರ್ ಹೊಡೆದರೆ ಇದು ನಿಲ್ಲುತ್ತದೆ, ದ್ವಿಚಕ್ರ ವಾಹನದವರೂ ಉಳಿಯುತ್ತಾರೆ. ಊರೂರಿನ ಹಂಪ್‌ಗಳಿಗೆ ಬಿಳಿ ಬಣ್ಣ ಬಳಿಯಿರಿ, ಮಳೆಯ ಬಳಿಕ ತಿರುವಿನ ಮರಳು ಗುಡಿಸಿ.

ಕೊನೆಯದು ಫಲಕ. ಪ್ರತಿ ಏರಿನ ಬುಡದಲ್ಲಿ ಮೂರು ಅಂಕಿ ಬರೆದರೆ ಸಾಕು: ಏರಿನ ಉದ್ದ, ಎಷ್ಟು ಮೀಟರ್ ಹತ್ತಬೇಕು, ಮುಂದಿನ ಕುಡಿಯುವ ನೀರು ಎಷ್ಟು ದೂರ. ನಾಮದ ಚಿಲುಮೆಯಲ್ಲಿ ಒಂದು, ಊರ್ಡಿಗೆರೆಯ ಕಡೆಯಿಂದ ದುರ್ಗಕ್ಕೆ ಹತ್ತುವಲ್ಲಿ ಒಂದು, ಸಿದ್ಧರಬೆಟ್ಟದ ತಿರುವಿನಲ್ಲಿ ಒಂದು, ಮಧುಗಿರಿ ದಾಟಿದ ಮೇಲೆ ಮಿಡಿಗೇಶಿ ರಸ್ತೆಯಲ್ಲಿ ಒಂದು. ಅಕ್ಷರ ಕನ್ನಡದಲ್ಲಿ ದಪ್ಪವಾಗಿರಲಿ, ಫಲಕ ರಸ್ತೆಗೆ ಎದುರಾಗಿ ಎಡಬದಿಯಲ್ಲಿರಲಿ, ಲಂಟಾನ ಬೆಳೆದು ಮುಚ್ಚದಂತೆ ವರ್ಷಕ್ಕೆರಡು ಸಲ ಸವರಲಿ. ಫಾಲ್ಗುಣ ಹುಣ್ಣಿಮೆಯ ದುರ್ಗದ ರಥೋತ್ಸವಕ್ಕೆ ಹೇಗೂ ರಸ್ತೆ ರಿಪೇರಿ ಮಾಡಬೇಕು. ಅಂಚಿನ ಮಣ್ಣಿನ ಕೆಲಸವನ್ನು ಅದರ ಜೊತೆಗೇ ಸೇರಿಸಿಕೊಳ್ಳಬಹುದು.

ಇಂತಿ,
ಕೆಲವು ಸೈಕಲ್ ಸವಾರರು,
ತುಮಕೂರು