ಕಾಯಿಲ್ ಸುತ್ತೋಕೆ ಯಾವ ಸಾಮಾನು?

ಎಲ್ಲರಿಗೂ ನಮಸ್ಕಾರ. ಸಿಗರೇಟು ಬಿಟ್ಟು ವೇಪ್ (ಇ-ಸಿಗರೇಟು) ಹಿಡಿದು, ಇಲ್ಲಿ ಇಂಗ್ಲೆಂಡಿನಲ್ಲೇ ಕಾಯಿಲ್, ಅಂದ್ರೆ ವೇಪಿನೊಳಗೆ ಕಾದು ದ್ರವವನ್ನು ಆವಿ ಮಾಡುವ ತಂತಿ ಸುರುಳಿ, ಕೈಯಾರೆ ಸುತ್ತೋಕೆ ಹೊರಟಿರುವ ಹೊಸಬರಿಗೆ ಈ ಮಾತು.

ದೊಡ್ಡ ಕಿಟ್ ಈಗಲೇ ಬೇಡ. ತಂತಿ ಸುತ್ತೋಕೆ 3 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪಾದ ಹಿಂಭಾಗ ಸಾಕು. 26 ಗೇಜ್ (ದಪ್ಪದ ಅಳತೆ) ಕಾಂತಾಲ್ ತಂತಿಯನ್ನು, ಅಂದ್ರೆ ಕಾಯಿಸೋಕೆ ಬಳಸುವ ಮಿಶ್ರಲೋಹದ ತಂತಿಯನ್ನು, ಅದರ ಮೇಲೆ ಬಿಗಿಯಾಗಿ 7 ಸುತ್ತು ಹಾಕಿದರೆ ಹೆಚ್ಚುಕಮ್ಮಿ 1 ಓಮ್ ರೋಧ ಬರುತ್ತೆ. ತುದಿ ಕತ್ತರಿಸೋಕೆ ಉಗುರು ಕಟರ್ ಬೇಡ, ತುದಿ ಉಳಿಯದಂತೆ ಸಮನಾಗಿ ಕತ್ತರಿಸುವ ಫ್ಲಶ್ ಕಟರ್ ತಗೊಳ್ಳಿ. ತುದಿ ಕೂದಲೆಳೆಯಷ್ಟು ಚಾಚಿಕೊಂಡು ವೇಪಿನ ಲೋಹದ ಮುಚ್ಚಳಕ್ಕೆ ತಾಗಿದರೂ ಶಾರ್ಟ್ ಆಗುತ್ತೆ.

ದುಡ್ಡು ಹಾಕುವುದಿದ್ದರೆ ಎರಡಕ್ಕೆ ಹಾಕಿ: ಸೆರಾಮಿಕ್ ಚಿಮಟ, ಕಾಯಿಲ್‌ನ ರೋಧ ಅಳೆಯುವ ಓಮ್ ಮೀಟರ್. ಕಾಯಿಲ್ ಕೆಂಪಗೆ ಕಾಯುವಾಗ ಒಂದು ಬದಿ ಮಾತ್ರ ಹೊಳೆದರೆ ಚಿಮಟದಿಂದ ಮೆಲ್ಲಗೆ ಒತ್ತಿ ಸರಿಮಾಡಬೇಕು. ಸೆರಾಮಿಕ್‌ನಲ್ಲಿ ಕರೆಂಟ್ ಹರಿಯಲ್ಲ, ಉಕ್ಕಿನಲ್ಲಿ ಹರಿಯುತ್ತೆ. ನಾನು ಮೊದಲು ಉಕ್ಕಿನದನ್ನೇ ಬಳಸಿದ್ದೆ, ಫಟ್ಟಂತ ಕಿಡಿ ಹಾರಿ ಎದೆ ಝಲ್ಲೆಂದಿತ್ತು.

ಮೀಟರಿನ ಅಂಕಿ ಕುಣಿಯುತ್ತಿದ್ದರೆ ಕಾಯಿಲ್ ಹಿಡಿದಿರುವ ಸ್ಕ್ರೂ ಸಡಿಲ ಅಂತ ತಿಳಿಯಿರಿ. ಅಂಕಿ ನಿಲ್ಲುವ ತನಕ ಬ್ಯಾಟರಿ ಹಾಕಲೇಬೇಡಿ.

ಊರಿಗೆ ಹೋಗುವವರು ಇದ್ಯಾವುದನ್ನೂ ಒಯ್ಯಬೇಡಿ. ಭಾರತದಲ್ಲಿ 2019ರಿಂದ ಇ-ಸಿಗರೇಟು ನಿಷೇಧ. ಸಿಗರೇಟೇ ಸೇದದವರು ದಯವಿಟ್ಟು ಇದನ್ನು ಶುರುಮಾಡಲೇಬೇಡಿ.

ಸುತ್ತಿದ ಕಾಯಿಲ್‌ನ ಫೋಟೋ ಹಾಕಿ, ನೋಡಿ ಹೇಳ್ತೀನಿ.