ಮಿಕ್ಸರ್ ಗುಜರಿಗೆ ಕೊಡಬೇಡಿ, ಕಾಕಾ

ವಿಚಿಟಾ, ಕಾನ್ಸಾಸ್
ಭಾನುವಾರ ರಾತ್ರಿ

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಚಳಿ ಶುರುವಾಗಿದೆ. ಕಾಕು ಕಳಿಸಿದ ಗುರೆಳ್ಳು ಚಟ್ನಿ ಅರ್ಧ ಡಬ್ಬಿ ಉಳಿದಿದೆ, ದಿನಕ್ಕೊಂದು ಚಮಚದ ಲೆಕ್ಕದಲ್ಲಿ ಸಂಕ್ರಾಂತಿಯವರೆಗೆ ಸಾಗಿಸುತ್ತೇನೆ.

ಫೋನ್ ಮಾಡದೆ ಪತ್ರ ಬರೆಯಲು ಕಾರಣವಿದೆ. ಅಟ್ಟ ಸ್ವಚ್ಛ ಮಾಡುತ್ತಿದ್ದೀರೆಂದೂ, ಮದುವೆಯ ವಿಡಿಯೊ ತೆಗೆಯುತ್ತಿದ್ದ ನಿಮ್ಮ ಅಂಗಡಿಯ ಹಳೆಯ ಸಾಮಾನನ್ನೆಲ್ಲ, ಚಿತ್ರ ಬೆರೆಸುವ ಮಿಕ್ಸರ್ ಸಹಿತ, ಗುಜರಿಯವನಿಗೆ ತೂಗಿ ಕೊಡುತ್ತೀರೆಂದೂ ಅವ್ವ ಹೇಳಿದಳು. ಫೋನಿನಲ್ಲಿ ಬೇಡ ಎಂದರೆ ನೀವು "ಆಯಿತು, ಆಯಿತು" ಎನ್ನುತ್ತೀರಿ, ಮರುದಿನ ತಕ್ಕಡಿ ಬಾಗಿಲಿಗೆ ಬಂದಿರುತ್ತದೆ. ಅಂಚೆ ತಡವಾದೀತೆಂದು ಈ ಹಾಳೆಗಳ ಫೋಟೊ ತೆಗೆದು ತಂಗಿಯ ಮೊಬೈಲಿಗೂ ಕಳಿಸುತ್ತಿದ್ದೇನೆ. ಕೊನೆಯ ಹಾಳೆಯೊಂದನ್ನು ಬಿಟ್ಟು. ಅದೇಕೆಂದು ಆಮೇಲೆ ತಿಳಿಯುತ್ತದೆ.

ಎರಡು ತಿಂಗಳ ಹಿಂದೆ ಇಲ್ಲಿಯ ಒಂದು ಚರ್ಚಿನ ನೆಲಮಾಳಿಗೆಯಿಂದ ಒಂದು ಹಳೆಯ ಕಂಪ್ಯೂಟರ್ ತಂದೆ. ಕೊಮೊಡೋರ್ ಕಂಪನಿಯ ಅಮಿಗಾ 2000. ಅದರೊಳಗೆ ವಿಡಿಯೊ ಟೋಸ್ಟರ್ ಎಂಬ ಕಾರ್ಡು. ಬ್ರೆಡ್ ಸುಡುವ ಟೋಸ್ಟರ್ ಅಲ್ಲ. ಕಾಕುಗೆ ಮೊದಲೇ ಹೇಳಿಬಿಡಿ. ಇಲ್ಲಿಂದ ಕಾರಿನಲ್ಲಿ ಎರಡು ಗಂಟೆ ದೂರದ ಟೊಪೀಕಾ ಊರಿನ ನ್ಯೂಟೆಕ್ ಎಂಬ ಕಂಪನಿ 1990ರ ಡಿಸೆಂಬರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬೆಲೆ 2,399 ಡಾಲರ್, ಕಂಪ್ಯೂಟರ್ ಬೇರೆ. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹೊರಳುವುದು, ಚಿತ್ರದ ಮೇಲೆ ಹೆಸರು ಮೂಡಿಸುವುದು, ಚಿತ್ರ ಮಗುಚಿ ಹೋಗುವ ಕಸರತ್ತು, ಮೂರು ಆಯಾಮದ ಆನಿಮೇಷನ್, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಟಿವಿ ಕೇಂದ್ರದವರು ಇಷ್ಟಕ್ಕೆ ಒಂದು ಕೋಣೆ ತುಂಬ ಯಂತ್ರ ಇಟ್ಟುಕೊಳ್ಳುತ್ತಿದ್ದ ಕಾಲವದು. ಕೊಮೊಡೋರ್ 1994ರಲ್ಲಿ ದಿವಾಳಿಯೆದ್ದಿತು, ಯಂತ್ರಗಳು ನೆಲಮಾಳಿಗೆ ಸೇರಿದವು.

ಮನೆಗೆ ತಂದು ಮುಚ್ಚಳ ಬಿಚ್ಚಿದೆ. ಗಡಿಯಾರ ನಡೆಸಲೆಂದು ಮದರ್‌ಬೋರ್ಡಿಗೇ ಬೆಸೆದ ಒಂದು ಚಿಕ್ಕ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ವರ್ಷಗಟ್ಟಲೆ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನೆಲ್ಲ ಹಸಿರಾಗಿ ತಿಂದುಹಾಕಿತ್ತು. ತಾಮ್ರದ ಹಂಡೆಗೆ ಕಿಲುಬು ಹಿಡಿದ ಹಾಗೆ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಕಾಲುಗಳೂ ಹೋಗಿದ್ದವು. ಸೋರುವುದು ಕ್ಷಾರ, ಆದ್ದರಿಂದ ಮೊದಲು ವಿನೆಗರಿನಿಂದ ತೊಳೆಯಬೇಕು, ಆಮೇಲೆ ಸ್ಪಿರಿಟ್ಟಿನಿಂದ. ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಮೂರು ಸಂಜೆ ಉಜ್ಜಿದೆ. ಕಿಲುಬು ಹೋದಮೇಲೆ ಕೆಲವು ಗೆರೆಗಳೂ ಅದರ ಜೊತೆಗೆ ಹೋಗಿದ್ದವು. ಗೆರೆ ಕೂಡಿದ್ದರೆ ಪೀಪಿ ಎನ್ನುವ ಮಲ್ಟಿಮೀಟರಿನಿಂದ ಒಂದೊಂದನ್ನೇ ಮುಟ್ಟಿ, ಆ ಸದ್ದು ಕೇಳದಲ್ಲೆಲ್ಲ ಕೂದಲೆಳೆಯಂಥ ತಂತಿ ಬೆಸೆದೆ. ಹದಿನೇಳು ತಂತಿ. ಹದಿನೆಂಟನೆಯದು ಬೇಕಿತ್ತೆಂದು ತಿಳಿಯಲು ಒಂದು ವಾರ ಹಿಡಿಯಿತು. ಅಷ್ಟು ದಿನ ಪರದೆ ಕಪ್ಪಗೆ ಕೂತಿತ್ತು, ಸಿಟ್ಟು ಬಂದಾಗ ಚಟ್ನಿಯ ಲೆಕ್ಕ ತಪ್ಪಿದ್ದುಂಟು.

ಕೊನೆಗೊಂದು ರಾತ್ರಿ ಟೋಸ್ಟರಿನ ಪರದೆ ಮೂಡಿತು. ನಾನು ಮೊದಲು ಬರೆದ ಟೈಟಲ್ ಏನು ಗೊತ್ತೇ? ನಿಮ್ಮ ಅಂಗಡಿಯ ಹೆಸರು, ಕೆಳಗೆ "ಬಾಗಲಕೋಟೆ". ಕನ್ನಡ ಅಕ್ಷರ ಅದಕ್ಕೆ ಬರುವುದಿಲ್ಲ, ಇಂಗ್ಲಿಷಿನಲ್ಲೇ ಬರೆದೆ.

ಮರುದಿನ ಎರಡು ವಿಸಿಆರ್ ಜೋಡಿಸಿ, ನೀವು ಮದುವೆಯ ಕ್ಯಾಸೆಟ್ಟಿಗೆ ಮಾಡುತ್ತಿದ್ದ ಹಾಗೆ ಒಂದರ ಚಿತ್ರವನ್ನು ಇನ್ನೊಂದರಲ್ಲಿ ಕರಗಿಸಲು ಹೋದೆ. ಚಿತ್ರ ಹರಿದು, ಓರೆಯಾಗಿ ಉರುಳಿತು. ಕಾರ್ಡು ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಹಲಗೆ ಬಾರಿಸುವ ಇಬ್ಬರ ಪೆಟ್ಟು ಒಂದೇ ಕ್ಷಣಕ್ಕೆ ಬಿದ್ದರೆ ಮಾತ್ರ ಮಜಲು ಕೂಡುತ್ತದಲ್ಲವೇ? ಎರಡು ವಿಸಿಆರ್ ಎಂದೂ ಹಾಗೆ ಕೂಡಿ ಬಾರಿಸುವುದಿಲ್ಲ, ಟೇಪು ಓಡುವ ವೇಗವೇ ಸಣ್ಣಗೆ ಅಲುಗುತ್ತಿರುತ್ತದೆ. ಟೋಸ್ಟರಿಗೆ ಈ ತಾಳ ಸರಿಪಡಿಸುವ ಶಕ್ತಿ ಇಲ್ಲ. ಟೈಮ್ ಬೇಸ್ ಕರೆಕ್ಟರ್ ಎಂಬ ಬೇರೆ ಯಂತ್ರ ಬೇಕು, ವಿಸಿಆರಿಗೊಂದರಂತೆ. ನಿಮ್ಮ ಪ್ಯಾನಾಸೋನಿಕ್ ಮಿಕ್ಸರ್ ಆ ಕೆಲಸವನ್ನು ತನ್ನ ಹೊಟ್ಟೆಯೊಳಗೇ ಮಾಡಿಕೊಳ್ಳುತ್ತಿತ್ತು. ಬಂದ ಚಿತ್ರವನ್ನು ಪೂರ್ತಿಯಾಗಿ ನೆನಪಿನಲ್ಲಿ ಹಿಡಿದಿಟ್ಟು, ಇನ್ನೊಂದರ ತಾಳಕ್ಕೆ ಸರಿಯಾಗಿ ಬಿಡುತ್ತಿತ್ತು. ಹತ್ತು ವರ್ಷದವನಿದ್ದಾಗ ನಾನು ಗುಂಡಿ ಒತ್ತಿ ಒತ್ತಿ ನಿಮ್ಮ ಕೈಯಲ್ಲಿ ಪೆಟ್ಟು ತಿಂದದ್ದು ಎಂಥ ಯಂತ್ರಕ್ಕಾಗಿ ಎಂದು ಈಗ ತಿಳಿಯಿತು. ಕಾಲೇಜಿಗೆ ಹೋದಮೇಲೆ ಅದನ್ನು "ಮದುವೆ ಡಬ್ಬಿ" ಎಂದು ಹೀಯಾಳಿಸಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಇನ್ನೊಂದು ತೊಡಕು. ಟೋಸ್ಟರ್ ಮಾಡಿದ್ದು ಅಮೆರಿಕದ ಟಿವಿಗಳ ಎನ್‌ಟಿಎಸ್‌ಸಿ ಪದ್ಧತಿಗೆ ಮಾತ್ರ: 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮ ಕ್ಯಾಸೆಟ್ಟುಗಳು ಪಾಲ್ ಪದ್ಧತಿಯವು: 625 ಗೆರೆ, 25 ಚಿತ್ರ. ನಾನು ಎಷ್ಟೇ ತಂತಿ ಬೆಸೆದರೂ ನಮ್ಮೂರಿನ ಒಂದು ಕ್ಯಾಸೆಟ್ಟೂ ಇದಕ್ಕೆ ಒಗ್ಗುವುದಿಲ್ಲ.

ಆದ್ದರಿಂದಲೇ ಅಟ್ಟದ ಮೇಲಿನ ಸಾಮಾನು ಬೇಕು. ಅದರಲ್ಲಿ ಹಳೆಯ ಊರಿನ ಹೋಳಿಯ ಕ್ಯಾಸೆಟ್ಟು ಇದೆ. ಮಾಳಿಗೆಯ ಮೇಲೆ ನೀವು ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ನಿಂತಿದ್ದಿರಿ, ಕೆಳಗೆ ಬಂಡಿಯ ಬ್ಯಾರೆಲ್ಲಿನಿಂದ ಬಣ್ಣ ಎರಚುತ್ತಿದ್ದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಓಣಿಯಲ್ಲಿ ದೊಡ್ಡಕ್ಕನ ಮದುವೆಯ ಮೆರವಣಿಗೆ ಸಾಗಿದ್ದೂ ಇದೆ. ಸನ್‌ಗನ್ ಲೈಟು ಹಿಡಿದವನು ನಾನೇ. ಬಾವಿಯ ಕಟ್ಟೆಯ ಹತ್ತಿರ ಲೈಟು ಆಕಾಶಕ್ಕೆ ತಿರುಗಿದ್ದು ನನ್ನ ಕೈ ಸುಟ್ಟುಕೊಂಡಾಗ. ನೀವು ಅಷ್ಟು ಭಾಗ ಕತ್ತರಿಸದೆ ಬಿಟ್ಟಿದ್ದಿರಿ. ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ಹುಟ್ಟಿದ ನಮ್ಮ ಹುಡುಗರು ಆ ಕಟ್ಟೆಯನ್ನು ನೋಡಿಲ್ಲ.

ಹೀಗೆ ಮಾಡಿ. ಕ್ಯಾಸೆಟ್ಟುಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಸಿಲಿಗೆ ಹಾಕಬೇಡಿ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಬೇರೆ ಇಡಿ, ವಿಸಿಆರಿಗೆ ಹಾಕಿ ನೋಡಬೇಡಿ. ಟೇಪು ಓದುವ ಹೆಡ್ಡಿಗೆ ಅಂಟಿ ಉಳಿದವನ್ನೂ ಕೆಡಿಸುತ್ತದೆ. ಮಿಕ್ಸರಿಗೂ ವಿಸಿಆರಿಗೂ ಪ್ಲಗ್ ಚುಚ್ಚಬೇಡಿ, ಒಳಗಿನ ಕೆಪ್ಯಾಸಿಟರ್ ಏನಾಗಿವೆಯೋ ನಾನೇ ಬಿಚ್ಚಿ ನೋಡುತ್ತೇನೆ. ಎಂ 9000 ಕ್ಯಾಮೆರಾದ ಹಿಂದಿನ ಬ್ಯಾಟರಿಯನ್ನು ಇವತ್ತೇ ಕಳಚಿರಿ. ಅದನ್ನು ಬೇಕಾದರೆ ಗುಜರಿಯವನಿಗೆ ಕೊಡಿ, ನಾನು ಅಳುವುದಿಲ್ಲ.

ಮೇ ತಿಂಗಳಲ್ಲಿ ಬರುತ್ತೇನೆ. ಸೋಲ್ಡರ್, ಕೆಪ್ಯಾಸಿಟರ್, ಚಿತ್ರವನ್ನು ಲ್ಯಾಪ್‌ಟಾಪಿಗೆ ಇಳಿಸುವ ಸಾಧನ ಎಲ್ಲ ನನ್ನ ಚೀಲದಲ್ಲಿರುತ್ತವೆ. ಮಿಕ್ಸರಿನ ಗುಂಡಿಗಳ ಮುಂದೆ ನೀವೇ ಕೂರಬೇಕು.

ಅಪ್ಪ, ಅವ್ವ, ಕಾಕು ಅವರಿಗೆ ನಮಸ್ಕಾರಗಳು. ಚಿಕ್ಕವರಿಗೆ ಆಶೀರ್ವಾದ.

ಇಂತಿ ನಿಮ್ಮ
ಲೈಟು ಹಿಡಿಯುವ ಹುಡುಗ

ತಾ.ಕ.: ಚರ್ಚಿನವರಿಗೆ ಕೊಟ್ಟದ್ದು 250 ಡಾಲರ್, ಆಮೇಲಿನ ಖರ್ಚು ಹೆಚ್ಚುಕಡಿಮೆ ಅಷ್ಟೇ. ಅವ್ವನಿಗೆ ಪುಕ್ಕಟೆ ಸಿಕ್ಕಿತೆಂದು ಹೇಳಿದ್ದೇನೆ. ಈ ಹಾಳೆ ನಿಮ್ಮ ಜೇಬಿನಲ್ಲೇ ಇರಲಿ.