ಇನ್ಸಾಟ್-4ಬಿಗೆ, ಹಾಸನದವರಿಗೆ, ಒಳಗಿನಿಂದ ನಂಬರ್ ಕೂಗಿದವರಿಗೆ

ಈ ಯುಗಾದಿಯಿಂದ ಸಕಲೇಶಪುರದ ನಮ್ಮ ಡಿಶ್ ಅಂಗಡಿಯನ್ನು ತಮ್ಮನ ಮಗ ನೋಡಿಕೊಳ್ಳುತ್ತಾನೆ. ನನಗೆ ಮಂಡಿನೋವು, ಏಣಿ ಹತ್ತಲಾಗುತ್ತಿಲ್ಲ. ಕೆಲಸ ಬಿಡುವ ಮೊದಲು ಕೆಲವರಿಗೆ ಕೈ ಮುಗಿಯಬೇಕು.

ಮೊದಲ ನಮಸ್ಕಾರ ಇನ್ಸಾಟ್-4ಬಿ ಉಪಗ್ರಹಕ್ಕೆ. ನಮ್ಮ ಮನೆಯ ಒಲೆ ಉರಿದದ್ದು, ಮಕ್ಕಳ ಫೀಸು ಕಟ್ಟಿದ್ದು ಅದರಿಂದ. 2007ರ ಮಾರ್ಚ್ 12ರಂದು ಫ್ರೆಂಚ್ ಗಯಾನಾದ ಕೌರೂನಿಂದ ಏರಿಯಾನ್-5 ರಾಕೆಟ್ ಅದನ್ನು ಹೊತ್ತೊಯ್ದಿತು. ಭೂಮಧ್ಯರೇಖೆಯ ನೆತ್ತಿಯಲ್ಲಿ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರ, 93.5 ಡಿಗ್ರಿ ಪೂರ್ವ ರೇಖಾಂಶ. ನಮ್ಮೂರಿನವರು ಅದನ್ನು ಹಿಡಿಯಬೇಕೆಂದರೆ ಆಗ್ನೇಯಕ್ಕೆ ತಿರುಗಿ ಕತ್ತನ್ನು 64 ಡಿಗ್ರಿಯಷ್ಟು ಮೇಲಕ್ಕೆತ್ತಬೇಕು. ಅಲ್ಲಿ ಸಿಲ್ವರ್ ಓಕ್ ಅಡ್ಡ ಬಂದರೆ ಮುಗಿಯಿತು, ಬೇರೆ ಜಾಗ ಹುಡುಕಬೇಕು.

ಕೇಬಲ್ ಎಳೆಯಲಾಗದ ತೋಟದ ಲೈನ್ ಮನೆಗಳಿಗೆ ದೂರದರ್ಶನದ ಉಚಿತ ಡಿಟಿಎಚ್ ಬಂದದ್ದು ಇದರಿಂದಲೇ. ನಾನು ಹೆಂಚಿನ ಪಕ್ಕ ನಿಂತು ಡಿಶ್ಶನ್ನು ಕೂದಲೆಳೆಯಷ್ಟು ಸರಿಸುವುದು, ಒಳಗೆ ಟಿವಿ ಮುಂದೆ ಕೂತ ಹುಡುಗಿ ಸಿಗ್ನಲ್ ಕ್ವಾಲಿಟಿ ಕೂಗುವುದು: "ನಲವತ್ತು... ಐವತ್ತೆರಡು... ಅಯ್ಯೋ ಹೋಯ್ತು ಅಂಕಲ್... ಅರವತ್ತೆಂಟು, ಹಂಗೇ ಬಿಡಿ!" ಆ ಕೂಗಿಗೆ ಸ್ಪ್ಯಾನರ್ ಬಿಗಿ ಮಾಡುತ್ತಿದ್ದೆ. ಹಾಗೆ ಕೂಗಿದ ಮಕ್ಕಳಿಗೆಲ್ಲ, ಏಣಿ ಹಿಡಿದವರಿಗೆ, ಮಳೆಯಲ್ಲಿ ನೆನೆದವನಿಗೆ ಬಿಸಿ ಕಾಫಿ ಕೊಟ್ಟ ಅಮ್ಮಂದಿರಿಗೆ ನಾನು ಋಣಿ.

2010ರ ಜುಲೈ ಬಹಳ ಕಷ್ಟದ ತಿಂಗಳು. ಉಪಗ್ರಹದ ಎರಡು ಸೌರಫಲಕಗಳಲ್ಲಿ ಒಂದರ ವಿದ್ಯುತ್ ಕೈಕೊಟ್ಟು, ಚಾನೆಲ್‌ಗಳ ಸಿಗ್ನಲ್ ಹಿಡಿದು ಮತ್ತೆ ಭೂಮಿಗೆ ಕಳಿಸುವ ಟ್ರಾನ್ಸ್‌ಪಾಂಡರ್‌ಗಳಲ್ಲಿ ಅರ್ಧದಷ್ಟನ್ನು ಆಫ್ ಮಾಡಬೇಕಾಯಿತು. ದುಡ್ಡು ಕಟ್ಟುವ ಚಾನೆಲ್‌ಗಳು ಪಕ್ಕದ 91.5 ಡಿಗ್ರಿಯಲ್ಲಿದ್ದ ಮೀಸ್ಯಾಟ್-3 ಎಂಬ ಬೇರೆ ಉಪಗ್ರಹಕ್ಕೆ ಹೋದವು. ಎರಡೇ ಡಿಗ್ರಿ ವ್ಯತ್ಯಾಸ, ಆದರೆ ಪ್ರತಿ ಮನೆಯ ಡಿಶ್ಶನ್ನೂ ತಿರುಗಿಸಬೇಕು, ಅದೂ ಮಲೆನಾಡಿನ ಆಷಾಢದ ಮಳೆಯಲ್ಲಿ. ಆಗ ಬೈಯದೆ ಕಾದ ಗಿರಾಕಿಗಳನ್ನು, ಕೂಲಿ ಕೇಳದೆ ಜೊತೆಗೆ ಬಂದ ಹುಡುಗರನ್ನು ನಾನು ಹೇಗೆ ಮರೆಯಲಿ?

ಉಳಿದರ್ಧ ಶಕ್ತಿಯಲ್ಲೇ ಅದು ಮತ್ತೆ ಹನ್ನೊಂದು ವರ್ಷ ದುಡಿಯಿತು. ಇದರ ಪುಣ್ಯ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದವರಿಗೆ ಸೇರಬೇಕು. ಉಪಗ್ರಹ ಮೇಲೆ ಸುಮ್ಮನೆ ನಿಂತಿರುತ್ತದೆ ಎಂದುಕೊಂಡವರೇ ಹೆಚ್ಚು. ಸೂರ್ಯ ಚಂದ್ರರ ಸೆಳೆತಕ್ಕೆ ಅದು ಉತ್ತರ ದಕ್ಷಿಣಕ್ಕೆ ವಾಲುತ್ತಲೇ ಇರುತ್ತದೆ. ಆಗಾಗ ಪುಟ್ಟ ಎಂಜಿನ್‌ಗಳನ್ನು ಉರಿಸಿ ಅದನ್ನು ಮನೆಗೆ ಕರೆತರಬೇಕು. ನಾವು ಒಮ್ಮೆ ಬಿಗಿ ಮಾಡಿದ ಡಿಶ್ ವರ್ಷಗಟ್ಟಲೆ ಅಲುಗದೆ ಕೆಲಸ ಮಾಡಿದ್ದು ಆ ಪಾಳಿಯವರು ಹಗಲು ರಾತ್ರಿ ಎಚ್ಚರವಿದ್ದುದರಿಂದ. ಹೊತ್ತೊಯ್ದ ಇಂಧನದ ಬಹುಪಾಲು ಕಕ್ಷೆ ಸೇರುವುದರಲ್ಲೇ ಖರ್ಚಾಗಿರುತ್ತದೆ. ಮಿಕ್ಕಿದ್ದೇ ಅದರ ಆಯಸ್ಸು.

ಆಯಸ್ಸು ಹನ್ನೆರಡು ವರ್ಷ ಎಂದು ಬರೆದುಕೊಂಡು ಹೋದದ್ದು, ಹದಿನಾಲ್ಕು ದಾಟಿತು. ಕೊನೆಯ ಇಂಧನವನ್ನು ಎತ್ತಿಟ್ಟುಕೊಂಡು 2022ರ ಜನವರಿ 17ರಿಂದ 23ರವರೆಗೆ ಹನ್ನೊಂದು ಬಾರಿ ಎಂಜಿನ್ ಉರಿಸಿ, ಅದನ್ನು ಸುಮಾರು 340 ಕಿಲೋಮೀಟರ್ ಮೇಲಕ್ಕೆ ಸರಿಸಿದರು. ನಿಯಮದ ಪ್ರಕಾರ 273 ಸಾಕಿತ್ತು. 24ರಂದು ಅದನ್ನು ಪೂರ್ತಿ ಸ್ತಬ್ಧಗೊಳಿಸಿದರು. ನೂರು ವರ್ಷ ಅದು ಬೇರೆ ಉಪಗ್ರಹಗಳ ದಾರಿಗೆ ಅಡ್ಡ ಬರುವುದಿಲ್ಲ. ದುಡಿದು ಸೋತ ಯಂತ್ರವನ್ನು ಇಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟ ಹಾಸನದವರೇ, ನಿಮ್ಮ ಹೆಸರು ನನಗೆ ಗೊತ್ತಿಲ್ಲ, ನಿಮ್ಮೆಲ್ಲರಿಗೂ ದೊಡ್ಡ ನಮಸ್ಕಾರ.

ಅದೇ 93.5ರಲ್ಲಿ ಈಗ ಜಿಸ್ಯಾಟ್-15 ಉಪಗ್ರಹ ಇದೆ. ಹಾಗಾಗಿ ಉಚಿತ ಚಾನೆಲ್‌ನವರು ಡಿಶ್ ತಿರುಗಿಸುವ ಪ್ರಮೇಯವೇ ಬರಲಿಲ್ಲ. ಆದರೆ ಹಳೇ ಕನೆಕ್ಟರ್‌ಗಳೊಳಗೆ ನೀರು ಇಳಿದಿರುತ್ತದೆ. ಮುಂಗಾರಿಗೆ ಮುಂಚೆ ಹುಡುಗನನ್ನು ಕರೆಸಿ ಬದಲಾಯಿಸಿಕೊಳ್ಳಿ. ಬರುತ್ತಾನೆ, ಹೇಳಿದ್ದೇನೆ.